ಗಾಲ್ಫ್ ಗೆಳೆಯರ ನಗೆ ಕಾದಂಬರಿ ಬರೆದದ್ದು ಹೀಗೆ

ಗಾಲ್ಫ್ ಆಡುವ ನಾಲ್ವರು ಗೆಳೆಯರ ಮೇಲೆ ನಗೆ ಕಾದಂಬರಿ ಬರೆಯುತ್ತಿದ್ದೇನೆ ಅಂದರೆ ಸಾಕು, ಕೇಳಿದವರೆಲ್ಲ ಒಂದೇ ಬಗೆಯ ತಮಾಷೆ ಊಹಿಸುತ್ತಿದ್ದರು. ಚೆಂಡು ನೀರಿಗೆ ಬೀಳುತ್ತದೆ, ಸಿಟ್ಟಿಗೆ ಎಸೆದ ಕ್ಲಬ್, ಅಂದರೆ ಹೊಡೆಯುವ ಕೋಲು, ಮರದಲ್ಲಿ ಸಿಕ್ಕಿಕೊಳ್ಳುತ್ತದೆ, ಯಾರಿಗೋ ಪೆಟ್ಟಾಗುತ್ತದೆ. ಇದೆಲ್ಲ ಒಂದು ಅಧ್ಯಾಯಕ್ಕೆ ಸರಿ. ಕೆಟ್ಟ ಹೊಡೆತ ನೋಡಿದರೆ ನಗು ಬರುತ್ತದೆ, ಓದಿದರೆ ಎರಡನೆಯ ಸಲಕ್ಕೇ ಆಕಳಿಕೆ. ನನಗೆ ಬೇಕಿದ್ದ ನಗು ಬೇರೆ ಕಡೆ ಇತ್ತು. ಹವ್ಯಾಸಿಗಳ ಗಾಲ್ಫಿನಲ್ಲಿ ಅಂಪೈರ್ ಇರುವುದಿಲ್ಲ. ನಿಮ್ಮ ತಪ್ಪನ್ನು ನೀವೇ ಹೇಳಬೇಕು, ಎಷ್ಟು ಹೊಡೆತವಾಯಿತು ಅನ್ನುವ ನಿಮ್ಮ ಅಂಕಿಯನ್ನು ಜೊತೆಗಾರ ಬರೆದುಕೊಳ್ಳಬೇಕು. ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ‘ಎಷ್ಟಾಯ್ತು?’ ಅಂತ ಗೆಳೆಯ ಕೇಳುತ್ತಾನೆ. ಏಳು ಅಂತ ಅವನಿಗೂ ಗೊತ್ತು, ನಿಮಗೂ ಗೊತ್ತು. ನೀವು ‘ಆರು’ ಅನ್ನುತ್ತೀರಿ. ಅವನು ಪೆನ್ಸಿಲ್ ಊರುವ ಮೊದಲು ಒಮ್ಮೆ ನಿಮ್ಮ ಮುಖ ನೋಡುತ್ತಾನೆ. ಆ ನೋಟವೇ ನನ್ನ ಕಾದಂಬರಿ.

ಇನ್ನೊಂದು ಅನುಕೂಲವೂ ಇದೆ. 18 ಹೋಲ್‌ಗಳ, ಅಂದರೆ ಚೆಂಡು ಕೆಡವಬೇಕಾದ 18 ಕುಳಿಗಳ, ಒಂದು ಸುತ್ತಿಗೆ ನಾಲ್ಕು ಗಂಟೆ ಹಿಡಿಯುತ್ತದೆ ಅನ್ನಿ. ಒಂದು ಹೊಡೆತಕ್ಕೆ ಎರಡು ಸೆಕೆಂಡೂ ಬೇಡ. ನೂರು ಸಲ ಹೊಡೆಯುವ ಸಾಧಾರಣ ಆಟಗಾರ ನಿಜವಾಗಿ ‘ಆಡುವುದು’ ಹೆಚ್ಚೆಂದರೆ ಮೂರು ನಿಮಿಷ ಚಿಲ್ಲರೆ. ಮಿಕ್ಕಿದ್ದೆಲ್ಲ ನಡಿಗೆ, ಕಾಯುವಿಕೆ, ಮಾತು. ಕಾದಂಬರಿಕಾರನಿಗೆ ಇಷ್ಟು ಬಿಡುವು ಕೊಡುವ ಆಟ ಇನ್ನೊಂದಿದೆಯೋ ಇಲ್ಲವೋ! ಹಾಗಾಗಿ ಹೊಡೆತದ ವರ್ಣನೆಗೆ ಒಂದೇ ವಾಕ್ಯ ಅಂತ ಕಟ್ಟು ಹಾಕಿಕೊಂಡೆ. ಹೊಡೆದ ಮೇಲೆ ಹೇಳುವ ಕಾರಣಕ್ಕೆ ಎಷ್ಟು ಪುಟ ಹೋದರೂ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನಾಲ್ವರೂ ನೆಲ, ಗಾಳಿ, ಹಕ್ಕಿಯ ಕೂಗು, ಹೊಸ ಕನ್ನಡಕ ಯಾವುದನ್ನೂ ಬಿಡಲಿಲ್ಲ.

ರಚನೆಗೆ ಆಟವೇ ದಾರಿ ತೋರಿಸಿತು. ನಾಲ್ವರನ್ನು ಇಬ್ಬಿಬ್ಬರ ಜೋಡಿ ಮಾಡಲು ಮೂರೇ ಬಗೆ. ಹವ್ಯಾಸಿಗಳು ಆಡುವ ‘ಸಿಕ್ಸಸ್’ ಅನ್ನುವ ಬಾಜಿಯಲ್ಲಿ ಆರಾರು ಹೋಲ್‌ಗೆ ಜೋಡಿ ಬದಲಾಗುತ್ತದೆ. ಸುತ್ತು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬನೂ ಉಳಿದ ಮೂವರ ಜೊತೆಗೂ ಸೇರಿ ಆಡಿರುತ್ತಾನೆ, ಮೂವರ ಎದುರೂ ಆಡಿರುತ್ತಾನೆ. ಕಾದಂಬರಿಗೂ ಮೂರು ಭಾಗ. ಮೊದಲ ಭಾಗದಲ್ಲಿ ‘ನೀನಿಲ್ಲದಿದ್ದರೆ ಮುಳುಗುತ್ತಿದ್ದೆ ಮಾರಾಯ’ ಅಂದವನು ಏಳನೇ ಹೋಲ್‌ನಲ್ಲಿ ಅದೇ ಗೆಳೆಯನ ಚೆಂಡು ಬಂಕರಿನ ಮರಳುಗುಂಡಿಗೆ ಬೀಳಲಿ ಅಂತ ಹಾರೈಸುತ್ತಾನೆ. ಯಾರೂ ಕೆಟ್ಟವರಾಗದೆ ಎಲ್ಲರೂ ಪಕ್ಷ ಬದಲಿಸುವ ಕಥೆ ಅಪರೂಪ, ನಾನಿದನ್ನು ಬಿಡುತ್ತೇನೆಯೇ?

ಪಾತ್ರಗಳನ್ನು ಬೇರ್ಪಡಿಸಲು ರೂಪ, ಉದ್ಯೋಗ, ತೊದಲು ಯಾವುದನ್ನೂ ನೆಚ್ಚಲಿಲ್ಲ. ಪ್ರತಿಯೊಬ್ಬನಿಗೂ ಸುಳ್ಳಿನ ಒಂದು ಬಗೆ ಕೊಟ್ಟೆ. ಒಬ್ಬ ಎಣಿಕೆ ಮರೆಯುತ್ತಾನೆ, ಮರೆತದ್ದು ಯಾವಾಗಲೂ ಅವನ ಲಾಭಕ್ಕೇ. ಒಬ್ಬ ಕಳೆದ ಚೆಂಡನ್ನು ಆಶ್ಚರ್ಯಕರವಾಗಿ ಒಳ್ಳೆಯ ಹುಲ್ಲಿನ ಮೇಲೆಯೇ ‘ಕಂಡುಕೊಳ್ಳುತ್ತಾನೆ’. ಮೂರನೆಯವನು ಮಾತ್ರ ಸುಳ್ಳೇ ಹೇಳದ ಸತ್ಯವಂತ. ತನ್ನ ಪೆನಾಲ್ಟಿಯನ್ನು ತಾನೇ ಕೂಗಿ ಹೇಳಿ ಮೂವರ ಮನಃಶಾಂತಿ ಕೆಡಿಸುವವನು. ಓದುಗರು ಹೆಚ್ಚು ನಕ್ಕದ್ದು ಇವನ ಮೇಲೆಯೇ.

ನಾಲ್ಕನೆಯವನು ಹ್ಯಾಂಡಿಕ್ಯಾಪ್ ಕಳ್ಳ. ದುರ್ಬಲ ಆಟಗಾರನಿಗೆ ಹೆಚ್ಚುವರಿ ಹೊಡೆತ ಬಿಟ್ಟುಕೊಟ್ಟು ಬಲಶಾಲಿಯ ಸಮಕ್ಕೆ ನಿಲ್ಲಿಸುವುದು ಹ್ಯಾಂಡಿಕ್ಯಾಪ್‌ನ ಕೆಲಸ. ತಾನು ಇರುವುದಕ್ಕಿಂತ ಕಳಪೆ ಅಂತ ತೋರಿಸಿಕೊಂಡರೆ ಬಾಜಿ ಸುಲಭ. 2020ರಲ್ಲಿ ಬಂದ ಜಾಗತಿಕ ಪದ್ಧತಿಯಲ್ಲಿ ಇತ್ತೀಚಿನ 20 ಸ್ಕೋರುಗಳಲ್ಲಿ ಅತ್ಯುತ್ತಮ 8ರ ಸರಾಸರಿ ತೆಗೆದು ಹ್ಯಾಂಡಿಕ್ಯಾಪ್ ಗೊತ್ತುಮಾಡುತ್ತಾರೆ. ಇದನ್ನು ಓದಿದಾಗಲೇ ಅವನ ಕಥೆ ಹೊಳೆಯಿತು. ಕಷ್ಟಪಟ್ಟು ಕೆಟ್ಟದಾಗಿ ಆಡುತ್ತ ಬಂದವನು ಒಂದು ದಿನ ಕೈಮೀರಿ ಜೀವಮಾನದ ಆಟ ಆಡಿಬಿಡುತ್ತಾನೆ. ಆ ಸ್ಕೋರು ಅವನಿಗೆ ಸಿಗುತ್ತಿದ್ದ ಹೆಚ್ಚುವರಿ ಹೊಡೆತಗಳನ್ನು ಇಳಿಸುತ್ತದೆ, ಲೆಕ್ಕದಿಂದ ಜಾರಬೇಕಾದರೆ ಇನ್ನೂ 20 ಸ್ಕೋರು ಸೇರಬೇಕು. ಗೆಳೆಯರು ಬೆನ್ನು ತಟ್ಟುತ್ತಿದ್ದಾರೆ, ಅವನ ಮುಖದಲ್ಲಿ ಸೂತಕದ ಕಳೆ.

ಗಾಲ್ಫ್ ಗೊತ್ತಿಲ್ಲದ ಓದುಗರಿಗೆ ನಿಯಮ ತಿಳಿಸುವ ಕೆಲಸವನ್ನು ಜಗಳಕ್ಕೆ ಬಿಟ್ಟೆ. ಯಾವ ನಿಯಮದಿಂದ ಯಾರಿಗೆ ಲಾಭವೋ ಅವನೇ ಅದನ್ನು ವಿವರಿಸಬೇಕು. ಚೆಂಡು ಗೆಳೆಯನ ಚೀಲಕ್ಕೆ ಬಡಿದು ಒಳ್ಳೆಯ ಜಾಗಕ್ಕೆ ಉರುಳಿದಾಗ ಒಬ್ಬ 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬರೆದ 13 ನಿಯಮಗಳಿಗೇ ಕೈ ಹಾಕುತ್ತಾನೆ: ಮನುಷ್ಯನಾಗಲಿ ಕುದುರೆಯಾಗಲಿ ನಾಯಿಯಾಗಲಿ ಚೆಂಡನ್ನು ತಡೆದರೆ ಅದು ನಿಂತಲ್ಲಿಂದಲೇ ಆಡಬೇಕು. ‘ಹಾಗಾದರೆ ನಾನು ಇದರಲ್ಲಿ ಯಾವುದು?’ ಅನ್ನುತ್ತಾನೆ ಚೀಲದವನು.

ಕಳೆದ ಚೆಂಡು ಹುಡುಕುವ ದೃಶ್ಯಗಳು ನನಗೆ ತುಂಬ ಇಷ್ಟ. ಮೊದಲು ಐದು ನಿಮಿಷ ಹುಡುಕಬಹುದಿತ್ತು, 2019ರಿಂದ ಮೂರೇ. ನಾಲ್ವರೂ ತಲೆ ತಗ್ಗಿಸಿ ಪೊದೆಯಲ್ಲಿ ಕೋಲಾಡಿಸುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹೆಂಡತಿ ತೌರಿಗೆ ಹೋಗಿದ್ದಾಳೆ, ಕೆಲಸ ಹೋಯಿತು ಎಂಬಂಥ ಮಾತು ಬರುವುದು ಅಲ್ಲೇ. ಅಂಥ ಸಂಭಾಷಣೆಗಳನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದೆ. ಮೂರು ನಿಮಿಷ ಮೀರಿದ್ದನ್ನು ಕತ್ತರಿಸಿದೆ, ಕೆಲವು ಕಡೆ ಅರ್ಧ ವಾಕ್ಯದಲ್ಲೇ. ‘ಸಮಯ ಆಯ್ತು’ ಅಂತ ಯಾರೋ ಕೂಗುತ್ತಾರೆ, ಹೇಳಬೇಕಾದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಅಷ್ಟೇ.

ಮುಖ್ಯ ಜಗಳಕ್ಕೆ ಬೇಕಾದದ್ದು ಗಿಮ್ಮಿ. ಹೋಲ್ ಪಕ್ಕದಲ್ಲೇ ಚೆಂಡು ನಿಂತಾಗ ‘ಎತ್ತಿಕೋ, ಆಯ್ತು’ ಅಂತ ಎದುರಾಳಿ ಕೊನೆಯ ಹೊಡೆತವನ್ನು ಬಿಟ್ಟುಕೊಡುವುದು. ಒಂದೊಂದು ಹೋಲನ್ನೂ ಬೇರೆಬೇರೆಯಾಗಿ ಗೆಲ್ಲುವ ಮ್ಯಾಚ್ ಪ್ಲೇಯಲ್ಲಿ ಇದು ನಿಯಮಬದ್ಧ. ಒಮ್ಮೆ ಬಿಟ್ಟುಕೊಟ್ಟರೆ ಹಿಂತೆಗೆದುಕೊಳ್ಳುವ ಹಾಗಿಲ್ಲ, ಪಡೆದವನು ಬೇಡ ಅನ್ನುವ ಹಾಗೂ ಇಲ್ಲ. ಅಮೆರಿಕ, ಬ್ರಿಟನ್ ತಂಡಗಳು ಎದುರಾದ 1969ರ ರೈಡರ್ ಕಪ್‌ನಲ್ಲಿ, ಕೊನೆಯ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ, ಜಾಕ್ ನಿಕ್ಲಾಸ್ ಎದುರಾಳಿ ಟೋನಿ ಜಾಕ್ಲಿನ್‌ಗೆ ಇಂಥದೊಂದು ಪಟ್, ಅಂದರೆ ಚೆಂಡನ್ನು ಹೋಲ್‌ಗೆ ಉರುಳಿಸುವ ಹೊಡೆತ, ಬಿಟ್ಟುಕೊಟ್ಟದ್ದರಿಂದ ಇಡೀ ಪಂದ್ಯ 16–16ರಲ್ಲಿ ಸಮವಾಯಿತು. ಆ ಔದಾರ್ಯವನ್ನು ಎಲ್ಲರೂ ಹೊಗಳುತ್ತಾರೆ. ನಾನು ಅದನ್ನು ತಿರುವಿ ಹಾಕಿದೆ. ವರ್ಷಗಟ್ಟಲೆ ಬಿಟ್ಟುಕೊಡುತ್ತ ಬಂದ ಗೆಳೆಯ ಇವತ್ತು ಎರಡಡಿ ಪಟ್‌ಗೆ ಬಾಯಿ ಬಿಡುವುದಿಲ್ಲ. ಸುಮ್ಮನೆ ಆಕಾಶ ನೋಡುತ್ತಾನೆ. ಎದುರಿನವನು ಕಾಯುತ್ತಾನೆ, ಕೆಮ್ಮುತ್ತಾನೆ, ಚೆಂಡಿನ ಹಿಂದೆ ಕೂತು ಇಲ್ಲದ ಇಳಿಜಾರು ಅಳೆಯುತ್ತಾನೆ. ಬೈಗುಳ ಒಂದೂ ಇಲ್ಲದೆ ಹನ್ನೊಂದು ಪುಟ ನಡೆಯುವ ಈ ಜಗಳದಲ್ಲಿ ಸಾಲ, ಮಗಳ ಮದುವೆ, ಕರೆಯದೆ ಬಿಟ್ಟ ಗೃಹಪ್ರವೇಶ ಎಲ್ಲ ಒಳಗೊಳಗೇ ಬಂದುಹೋಗುತ್ತವೆ.

ಬರೆಯಲು ಕೂರುವ ಮೊದಲೇ ಒಂದು ಖಾಲಿ ಸ್ಕೋರ್ ಕಾರ್ಡಿನಲ್ಲಿ ನಾಲ್ವರ 18 ಹೋಲ್‌ಗಳ 72 ಮನೆಗಳನ್ನೂ ತುಂಬಿಟ್ಟಿದ್ದೆ. ತಮಾಷೆಗೂ ಕಾರ್ಡಿಗೂ ತಿಕ್ಕಾಟ ಬಂದಲ್ಲೆಲ್ಲ ತಮಾಷೆಯನ್ನೇ ಬದಲಿಸಿದೆ. ಗಾಲ್ಫ್ ಆಡುವ ಓದುಗರು ಅಂಕಿಗಳನ್ನು ಕೂಡಿ ನೋಡುತ್ತಾರೆ, ಅವರಿಗೆ ಪಾತ್ರಗಳ ಮೇಲೆ ನಂಬಿಕೆ ಇರುವುದಿಲ್ಲ. ಗೆದ್ದವರು ಯಾರೆಂದು ಇಲ್ಲಿ ಹೇಳಲಾರೆ. ಕೊನೆಯ ಪುಟದವರೆಗೂ ಬಾಜಿಯ ಹಣವನ್ನಂತೂ ಯಾರೂ ಕೊಡುವುದಿಲ್ಲ.