ಪಶು ಆಸ್ಪತ್ರೆಯಲ್ಲಿ ಯಾರನ್ನೂ ಬದಿಗೆ ಸರಿಸದ ಮಾತು

ಮೊದಲು ತಿದ್ದಬೇಕಾದದ್ದು ರಾಸಿನ ಬಗ್ಗೆ ವಿಚಾರಿಸುವ ರೀತಿ. ಗಂಡ ಹೆಂಡತಿ ಇಬ್ಬರೂ ಹಸು ಹಿಡಿದುಕೊಂಡು ಬಂದರೆ ಪ್ರಶ್ನೆಗಳೆಲ್ಲ ಗಂಡಸಿನ ಕಡೆಗೇ ಹೋಗುತ್ತವೆ. "ಯಜಮಾನರು ಯಾರು?" ಎನ್ನುವ ಬದಲು "ಹಾಲು ಕರೆಯೋರು ಯಾರು, ಮೇವು ಹಾಕೋರು ಯಾರು?" ಎಂದು ಕೇಳಿ. ಉತ್ತರ ಹೇಳಿದವರ ಮುಖ ನೋಡಿಯೇ ಮುಂದಿನ ಪ್ರಶ್ನೆ ಹಾಕಿ. ಇದು ಬರೀ ಮರ್ಯಾದೆಯ ಮಾತಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡುವುದು ರೂಢಿ. ಬೆದೆಯ ಗುರುತಾದ ಲೋಳೆ ಸೋರಿದ್ದನ್ನು ಕಂಡವರು ಕೊಟ್ಟಿಗೆಯಲ್ಲಿದ್ದ ಹೆಂಗಸು, ಹೊತ್ತು ಹೇಳುವವರು ಹೊರಗಿನಿಂದ ಬಂದ ಗಂಡಸು ಎಂದಾದರೆ ಲೆಕ್ಕ ತಪ್ಪುತ್ತದೆ, ರಾಸು ಗಬ್ಬ ನಿಲ್ಲುವುದಿಲ್ಲ. ಆಂಟಿಬಯಾಟಿಕ್ ಕೊಟ್ಟಾಗಲೂ ಅಷ್ಟೇ: ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂಬುದನ್ನು ಕರೆಯುವವರಿಗೇ ಹೇಳಿ, ಚೀಟಿಯಲ್ಲಿ ತಾರೀಖು ಹಾಕಿ ಕೊಡಿ.

ಗಬ್ಬ ನಿಲ್ಲದ ರಾಸನ್ನು "ಗೊಡ್ಡು", "ಬಂಜೆ" ಎನ್ನುವುದು ನಮ್ಮಲ್ಲಿ ಸಲೀಸು. ಅದೇ ಮಾತಿನಿಂದ ಮನೆಯಲ್ಲಿ ಚುಚ್ಚಿಸಿಕೊಂಡವರು ಎದುರಿಗೇ ನಿಂತಿರಬಹುದು. "ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಂತಿಲ್ಲ" ಎಂದರೆ ನೋವೂ ಆಗುವುದಿಲ್ಲ, ಚಿಕಿತ್ಸೆಗೆ ಬೇಕಾದ ವಿವರವೂ ಸಿಗುತ್ತದೆ. ಹಾಗೆಂದು ಎಲ್ಲ ಪದಕ್ಕೂ ಕತ್ತರಿ ಬೇಡ. ಕಾಲು ನೋವಾದ ಹಸು ಕುಂಟುತ್ತದೆ. ಕೇಸ್ ಪುಸ್ತಕದಲ್ಲಿ ಹಾಗೆಯೇ ಬರೆಯಿರಿ. ಆ ಪದವನ್ನು ಮನುಷ್ಯರಿಗೆ ಅಂಟಿಸಬೇಡಿ, ಅಷ್ಟೆ.

ಸಿಬ್ಬಂದಿಯೊಳಗಿನ ಮಾತು ಇನ್ನೂ ಕಷ್ಟ. ಅಧಿಕಾರಿಗೆ "ಬನ್ನಿ ಸಾರ್", ದನ ಹಿಡಿಯುವ ಸಹಾಯಕರಿಗೆ "ಬಾರೋ". ಈ ಏಕವಚನದ ಹಿಂದೆ ಹಲವು ಕಡೆ ವಯಸ್ಸಲ್ಲ, ಜಾತಿ ಇರುತ್ತದೆ. ಸೆಗಣಿ ಬಳಿಯುವವರು, ಮರಣೋತ್ತರ ಪರೀಕ್ಷೆಗೆ ಕೈಹಚ್ಚುವವರು ಸೇರಿ ಎಲ್ಲರಿಗೂ "ನೀವು", ಅವರು ಎದುರಿಗಿಲ್ಲದಾಗಲೂ "ಅವರು". ಇದನ್ನು ವೈದ್ಯರೇ ಶುರುಮಾಡಬೇಕು, ಸುತ್ತೋಲೆಯಿಂದ ಆಗುವ ಕೆಲಸವಲ್ಲ. "ಅವರು ಬಂದರು" ಎನ್ನುವಾಗ ಗಂಡೋ ಹೆಣ್ಣೋ ಎಂದು ಹೇಳಬೇಕಾಗಿಲ್ಲ. ಹಾಗಾಗಿ ಲಿಂಗತ್ವ ಅಲ್ಪಸಂಖ್ಯಾತ ಸಹೋದ್ಯೋಗಿಗೂ ಈ ರೂಪ ಒಗ್ಗುತ್ತದೆ. ಹೆಸರನ್ನು ಮಾತ್ರ ಅವರು ಹೇಳಿದ ಹಾಗೆಯೇ ಕರೆಯಿರಿ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ 2021ರಿಂದ ಶೇ. 1 ಮೀಸಲಾತಿ ಇದೆ.

ವೈದ್ಯೆ ಎದುರಿಗಿದ್ದರೂ "ಡಾಕ್ಟರ್ ಇಲ್ವಾ?" ಎಂದು ರೈತರು ಕೇಳಿದರೆ ಪಕ್ಕದಲ್ಲಿದ್ದವರು ತಕ್ಷಣ "ಇವರೇ ಡಾಕ್ಟರು, ಹೇಳಿ" ಎನ್ನಬೇಕು. ಅವರೇ ಹೇಳಿಕೊಳ್ಳುವ ಪರಿಸ್ಥಿತಿ ತರಬೇಡಿ. ರೈತರು ಪ್ರೀತಿಯಿಂದ "ಡಾಕ್ಟ್ರಮ್ಮ" ಎಂದರೆ ತಿದ್ದಲು ಹೋಗಬೇಡಿ. ಕರು ಅಡ್ಡ ಸಿಕ್ಕಿದಾಗ "ಯಾರಾದ್ರೂ ಗಂಡಸರು ಬನ್ನಿ" ಎಂದು ಕೂಗುವ ಬದಲು "ಹಗ್ಗ ಎಳೆಯೋಕೆ ಇಬ್ಬರು ಬೇಕು" ಎನ್ನಿ. ಕರು ಹೊರಬರುವುದು ಮೊದಲು ಅದರ ತಲೆ, ಕಾಲು ಸರಿಪಡಿಸಿದರೆ, ಬರೀ ರಟ್ಟೆಬಲಕ್ಕಲ್ಲ.

ಮಾತು ಲೈಂಗಿಕ ಕಿರುಕುಳದ ಮಟ್ಟಕ್ಕೆ ಹೋದರೆ ತಿಳಿಹೇಳುತ್ತ ಕೂರಬೇಡಿ. ಕೆಲಸದ ಜಾಗದಲ್ಲಿ ಇಂಥ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಖಾಸಗಿ ಕ್ಲಿನಿಕ್ಕಿನ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು.