ಟೆಂಪ್ಲೇಟು ತಿದ್ದಿದರೆ ಹಳೆಯ ಪುಟ ಬದಲಾಗದು: ಕಾನ್‌ಫ್ಲುಯೆನ್ಸ್‌ನಲ್ಲಿ ಪುಟದ ಅಚ್ಚು ಮಾಡಿ ಕಾಯ್ದುಕೊಳ್ಳುವ ಬಗೆ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವವರಿಗೆ ಇದು ಚೆನ್ನಾಗಿ ಗೊತ್ತು. ಮರದ ಅಚ್ಚಿನಲ್ಲಿ ಆನೆಯ ಸೊಂಡಿಲಿನ ಜಾಗ ಮುಚ್ಚಿಹೋಗಿದ್ದರೆ ಅದನ್ನು ಕೊರೆದು ಸರಿಮಾಡಬಹುದು. ಆದರೆ ಅದಕ್ಕೂ ಮೊದಲು ಹೊಯ್ದು ತಟ್ಟೆಯಲ್ಲಿಟ್ಟ ಆನೆಗಳಿಗೆ ಸೊಂಡಿಲು ಮೂಡುವುದಿಲ್ಲ. ತಂಡಗಳು ತಮ್ಮ ದಾಖಲೆಗಳನ್ನು ಪುಟಗಳಾಗಿ ಬರೆದಿಡುವ ಕಾನ್‌ಫ್ಲುಯೆನ್ಸ್ ಎಂಬ ತಂತ್ರಾಂಶದ ಟೆಂಪ್ಲೇಟೂ, ಅಂದರೆ ಹೊಸ ಪುಟದ ಸಿದ್ಧ ಮಾದರಿಯೂ, ಹೀಗೆಯೇ. ಯಾರಾದರೂ ಅದರಿಂದ ಹೊಸ ಪುಟ ತೆರೆದ ಕ್ಷಣದಲ್ಲಿ ಅದರ ಒಂದು ಪ್ರತಿ ಹುಟ್ಟುತ್ತದೆ, ಅಲ್ಲಿಗೆ ಪುಟಕ್ಕೂ ಟೆಂಪ್ಲೇಟಿಗೂ ನಂಟು ಮುಗಿಯಿತು. ಮುಂದೆ ಟೆಂಪ್ಲೇಟಿನಲ್ಲಿ ಏನೇ ತಿದ್ದಿದರೂ ಹಳೆಯ ಪುಟಗಳು ಇದ್ದಂತೆಯೇ ಇರುತ್ತವೆ. ತಂಡಗಳಲ್ಲಿ ಟೆಂಪ್ಲೇಟು ಹಾಳಾಗುವುದಕ್ಕೆ ಮುಖ್ಯ ಕಾರಣ ಈ ಒಂದು ಸಂಗತಿಯನ್ನು ಮರೆಯುವುದು. ಈ ಲೇಖನದ ಹಂತಗಳೆಲ್ಲ ಇದನ್ನೇ ಆಧರಿಸಿವೆ.

ಉದಾಹರಣೆಗೆ ಇನ್ಸಿಡೆಂಟ್ ವರದಿಯ ಟೆಂಪ್ಲೇಟನ್ನು ತೆಗೆದುಕೊಳ್ಳೋಣ. ಸರ್ವರ್ ನಿಂತಾಗ, ಪಾವತಿ ಸಿಕ್ಕಿಹಾಕಿಕೊಂಡಾಗ ಸಾಫ್ಟ್‌ವೇರ್ ತಂಡಗಳು ಬರೆಯುವ ವರದಿ ಇದು. ಅವಸರದಲ್ಲಿ, ಎಷ್ಟೋ ಸಲ ರಾತ್ರಿ ನಿದ್ದೆಗಣ್ಣಿನಲ್ಲಿ ತುಂಬಿಸುವ ಪುಟವಾದ್ದರಿಂದ ಟೆಂಪ್ಲೇಟಿನ ಒಳಿತು ಕೆಡುಕು ಇಲ್ಲಿ ಬೇಗ ಕಾಣುತ್ತದೆ.

ಮೊದಲು ಜಾಗ, ಆಮೇಲೆ ಬರಹ

ಕಾನ್‌ಫ್ಲುಯೆನ್ಸ್‌ನಲ್ಲಿ ಟೆಂಪ್ಲೇಟು ಎರಡು ಕಡೆ ಇರಬಹುದು. ಸ್ಪೇಸ್ ಎಂದರೆ ಒಂದು ತಂಡದ ಅಥವಾ ವಿಷಯದ ಪುಟಗಳು ಒಟ್ಟಿಗೆ ಇರುವ ವಿಭಾಗ. ಸ್ಪೇಸ್ ಟೆಂಪ್ಲೇಟು ಆ ಸ್ಪೇಸಿನವರಿಗೆ ಮಾತ್ರ ಕಾಣುತ್ತದೆ. ಅದನ್ನು ತಿದ್ದಲು ಸ್ಪೇಸ್ ಅಡ್ಮಿನ್ ಅನುಮತಿ ಬೇಕು. ಗ್ಲೋಬಲ್ ಟೆಂಪ್ಲೇಟು ಎಲ್ಲ ಸ್ಪೇಸುಗಳಿಗೂ ಸಿಗುತ್ತದೆ. ಅದನ್ನು ಇಡೀ ಸೈಟಿನ ಅಡ್ಮಿನ್ ಮಾತ್ರ ಮುಟ್ಟಬಹುದು. ಮೊದಲು ಸ್ಪೇಸ್ ಟೆಂಪ್ಲೇಟಿನಿಂದಲೇ ಶುರುಮಾಡಿ. ನಾಲ್ಕಾರು ತಂಡ ಅದನ್ನೇ ಕೇಳಿಕೊಂಡು ಬಂದಾಗ ಗ್ಲೋಬಲ್ ಮಾಡಿದರಾಯಿತು. ಮೊದಲೇ ಗ್ಲೋಬಲ್ ಮಾಡಿದರೆ ಒಂದು ಶೀರ್ಷಿಕೆ ಬದಲಿಸಲೂ ಅಡ್ಮಿನ್‌ಗೆ ಟಿಕೆಟ್, ಅಂದರೆ ಕೋರಿಕೆ, ಹಾಕಬೇಕಾಗುತ್ತದೆ. ಹಾಗಾದ ಮೇಲೆ ಯಾರೂ ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ.

ಕ್ಲೌಡ್ ಆವೃತ್ತಿಯಲ್ಲಿ ಸ್ಪೇಸ್ ಸೆಟ್ಟಿಂಗ್ಸ್‌ನೊಳಗೆ ಟೆಂಪ್ಲೇಟ್ಸ್ ಸಿಗುತ್ತದೆ. ಸಂಸ್ಥೆಯ ಸ್ವಂತ ಸರ್ವರಿನಲ್ಲಿರುವ ಡೇಟಾ ಸೆಂಟರ್ ಆವೃತ್ತಿಯಲ್ಲಾದರೆ ಎಡಬದಿಯ ಕೆಳಗಿನ ಸ್ಪೇಸ್ ಟೂಲ್ಸ್, ಅದರೊಳಗೆ ಕಂಟೆಂಟ್ ಟೂಲ್ಸ್, ಅಲ್ಲಿ ಟೆಂಪ್ಲೇಟ್ಸ್. ಈ ಪಟ್ಟಿಯಲ್ಲಿ ಬ್ಲೂಪ್ರಿಂಟ್‌ಗಳೂ ಕಾಣುತ್ತವೆ. ಮೀಟಿಂಗ್ ನೋಟ್ಸ್‌ನಂಥ ಸಿದ್ಧ ಅಚ್ಚುಗಳಿವು. ಇವನ್ನೂ ತಿದ್ದಬಹುದು. ಕೆಟ್ಟರೆ ಡೀಫಾಲ್ಟ್‌ಗೆ ಮರಳಿಸುವ ದಾರಿ ಇವುಗಳಿಗಿದೆ, ನೀವೇ ಮಾಡಿದ ಟೆಂಪ್ಲೇಟಿಗೆ ಇಲ್ಲ.

ಪುಟದ ಮೈಕಟ್ಟು

ಹೊಸ ಟೆಂಪ್ಲೇಟು ತೆರೆದ ಕೂಡಲೇ ತಲೆಬರಹಗಳನ್ನು ಬರೆಯಲು ಹೋಗಬೇಡಿ. ಎಲ್ಲಕ್ಕಿಂತ ಮೇಲೆ ಪೇಜ್ ಪ್ರಾಪರ್ಟೀಸ್ ಎಂಬ ಮ್ಯಾಕ್ರೊ (ಪುಟದೊಳಗೆ ಸೇರಿಸುವ ಸಿದ್ಧ ಉಪಕರಣ) ಹಾಕಿ, ಅದರೊಳಗೆ ಎರಡು ಕಾಲಮಿನ ಕೋಷ್ಟಕ ಇಡಿ. ಎಡಗಡೆ ಹೆಸರು, ಬಲಗಡೆ ವಿವರ. ಇನ್ಸಿಡೆಂಟ್ ವರದಿಗೆ ಆರು ಸಾಲು ಸಾಕು: ಸ್ಥಿತಿ, ತೀವ್ರತೆ, ಹೊಣೆಗಾರ, ಶುರುವಾದ ಸಮಯ, ಮುಗಿದ ಸಮಯ, ಟೆಂಪ್ಲೇಟ್ ಆವೃತ್ತಿ. ಕೋಷ್ಟಕದ ಸೆಟ್ಟಿಂಗ್‌ನಲ್ಲಿ ಹೆಡರ್ ಕಾಲಮ್ ಆನ್ ಇರಲಿ, ಮೇಲಿನ ಹೆಡರ್ ಸಾಲನ್ನು ಆಫ್ ಮಾಡಿ. ಸಮಯದ ಎರಡೂ ಸಾಲಿನ ಹೆಸರಿನಲ್ಲೇ ‘ಐಎಸ್‌ಟಿ’ ಎಂದು ಸೇರಿಸಿ. ಬೆಂಗಳೂರಿನವರು ಐಎಸ್‌ಟಿಯಲ್ಲಿ, ಅಂದರೆ ಭಾರತೀಯ ಸಮಯದಲ್ಲಿ, ಬರೆದು ಸರ್ವರ್ ತಾನೇ ದಾಖಲಿಸುವ ಲಾಗ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ ಐದೂವರೆ ಗಂಟೆಯ ಅಂತರ ನುಸುಳುತ್ತದೆ. ಆಮೇಲೆ ಘಟನೆಗಳ ಸರಣಿಯೇ ತಪ್ಪಾಗಿ ಕಾಣುತ್ತದೆ.

ಈ ಕೋಷ್ಟಕದ ಪ್ರಯೋಜನ ಇನ್ನೊಂದು ಪುಟದಲ್ಲಿದೆ. ಪೇಜ್ ಪ್ರಾಪರ್ಟೀಸ್ ರಿಪೋರ್ಟ್ ಎಂಬ ಮ್ಯಾಕ್ರೊ ಒಂದೇ ಲೇಬಲ್ (ಪುಟಕ್ಕೆ ಅಂಟಿಸುವ ಗುರುತುಪದ) ಇರುವ ಪುಟಗಳನ್ನೆಲ್ಲ ಹುಡುಕಿ, ಅವುಗಳ ಕೋಷ್ಟಕವನ್ನು ಒಂದೇ ಪಟ್ಟಿಯಾಗಿ ತೋರಿಸುತ್ತದೆ. ವರ್ಷದ ಎಲ್ಲ ಇನ್ಸಿಡೆಂಟ್‌ಗಳೂ ಒಂದು ನೋಟಕ್ಕೆ ಸಿಗುತ್ತವೆ. ಆದ್ದರಿಂದ ಲೇಬಲನ್ನು ಟೆಂಪ್ಲೇಟಿನಲ್ಲೇ ಸೇರಿಸಿಡಿ. ಬರೆಯುವವರು ನೆನಪಿಟ್ಟು ಹಾಕುತ್ತಾರೆ ಎಂದು ನಂಬಿದರೆ ಅರ್ಧ ವರದಿಗಳು ಪಟ್ಟಿಗೆ ಬರುವುದೇ ಇಲ್ಲ. ಲೇಬಲಿನಲ್ಲಿ ಖಾಲಿ ಜಾಗ ನಡೆಯದು. ಎರಡು ಪದಗಳ ನಡುವೆ ಅಡ್ಡಗೆರೆ ಹಾಕಿ.

ಎಡ ಕಾಲಮಿನ ಹೆಸರುಗಳನ್ನು ಒಮ್ಮೆ ಇಟ್ಟ ಮೇಲೆ ಬದಲಿಸದಿರುವುದು ಒಳ್ಳೆಯದು. ಮಾರ್ಚಿನವರೆಗೆ ‘ಹೊಣೆಗಾರ’ ಎಂದಿದ್ದುದನ್ನು ಏಪ್ರಿಲ್‌ನಲ್ಲಿ ಯಾರೋ ‘ಜವಾಬ್ದಾರಿ’ ಎಂದು ತಿದ್ದಿದರು ಎನ್ನಿ. ರಿಪೋರ್ಟಿಗೆ ಅವೆರಡೂ ಒಂದೇ ಎಂದು ಗೊತ್ತಾಗುವುದಿಲ್ಲ, ಅದು ಎರಡು ಕಾಲಮ್ ಮಾಡುತ್ತದೆ. ಮೊದಲನೆಯದರಲ್ಲಿ ಹೊಸ ಪುಟಗಳ ಜಾಗ ಖಾಲಿ, ಎರಡನೆಯದರಲ್ಲಿ ಹಳೆಯವುಗಳದ್ದು. ನೋಡಿದವರು ‘ಅರ್ಧಕ್ಕರ್ಧ ವರದಿಗೆ ಹೊಣೆಗಾರರೇ ಇಲ್ಲವಲ್ಲ’ ಎಂದುಕೊಳ್ಳುತ್ತಾರೆ. ಬದಲಿಸಲೇಬೇಕಾದರೆ ಹಳೆಯ ಪುಟಗಳನ್ನೂ ಅದೇ ದಿನ ಕೂತು ತಿದ್ದಿ ಮುಗಿಸಿ.

ತುಂಬಿಸುವವರಿಗೆ ದಾರಿ ತೋರಿಸುವ ಎರಡು ಸಾಧನ

ಟೆಂಪ್ಲೇಟ್ ಎಡಿಟರಿನಲ್ಲಿ ವೇರಿಯಬಲ್ ಹಾಕಿದರೆ ಪುಟ ತೆರೆಯುವ ಮೊದಲು ಒಂದು ಫಾರ್ಮ್ ಬರುತ್ತದೆ. ಅಲ್ಲಿ ಬರೆದದ್ದು ಪುಟದಲ್ಲಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಒಂದೇ ವೇರಿಯಬಲನ್ನು ಎರಡು ಮೂರು ಕಡೆ ಇಟ್ಟರೆ ಒಮ್ಮೆ ಬರೆದದ್ದು ಎಲ್ಲ ಕಡೆ ಬರುತ್ತದೆ. ಸರ್ವಿಸಿನ ಹೆಸರಿನಂಥದ್ದಕ್ಕೆ ಇದು ಬಹಳ ಅನುಕೂಲ. ಪಟ್ಟಿಯಿಂದ ಆರಿಸುವ ಬಗೆಯ ವೇರಿಯಬಲ್‌ಗೆ ಆಯ್ಕೆಗಳನ್ನು ಅಲ್ಪವಿರಾಮ ಹಾಕಿ ಬರೆಯಬೇಕು. ಹಾಗಾಗಿ ಆಯ್ಕೆಯ ಒಳಗೇ ಅಲ್ಪವಿರಾಮ ಬಂದರೆ ಅದು ಎರಡಾಗಿ ಒಡೆಯುತ್ತದೆ. ತೀವ್ರತೆಗೆ ಈ ಪಟ್ಟಿಯನ್ನೇ ಬಳಸಿ. ಇಲ್ಲದಿದ್ದರೆ ಒಬ್ಬರು ‘ಹೆಚ್ಚು’, ಇನ್ನೊಬ್ಬರು ‘ಪಿ1’, ಮತ್ತೊಬ್ಬರು ‘ಕ್ರಿಟಿಕಲ್’ ಎಂದು ಬರೆದು ಲೆಕ್ಕ ತಾಳೆಯಾಗುವುದಿಲ್ಲ. ಫಾರ್ಮಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಕೇಳಬೇಡಿ. ಸರ್ವರ್ ನಿಂತಿರುವಾಗ ಹನ್ನೆರಡು ಪ್ರಶ್ನೆ ಎದುರಿಟ್ಟರೆ ಜನ ಹಳೆಯ ವರದಿಯನ್ನು ಕಾಪಿ ಮಾಡಿಕೊಳ್ಳುತ್ತಾರೆ. ಅದರ ಹಿಂದೆ ಹಳೆಯ ದಿನಾಂಕ, ಹಳೆಯ ಹೆಸರುಗಳೂ ಬರುತ್ತವೆ. ವೇರಿಯಬಲನ್ನು ಖಾಲಿ ಬಿಟ್ಟರೂ ಪುಟ ತಯಾರಾಗುತ್ತದೆ ಎಂಬುದು ನೆನಪಿರಲಿ. ಫಾರ್ಮ್ ಕೇಳುತ್ತದೆ, ತಡೆಯುವುದಿಲ್ಲ.

ಇನ್ನೊಂದು ಸಾಧನ ಸೂಚನಾ ಬರಹ. ಡೇಟಾ ಸೆಂಟರ್‌ನಲ್ಲಿ ಇದನ್ನು ಇನ್‌ಸ್ಟ್ರಕ್ಷನಲ್ ಟೆಕ್ಸ್ಟ್ ಎನ್ನುತ್ತಾರೆ, ಕ್ಲೌಡ್‌ನಲ್ಲಿ ಪ್ಲೇಸ್‌ಹೋಲ್ಡರ್ ಟೆಕ್ಸ್ಟ್. ಎಡಿಟ್ ಮಾಡುವಾಗ ಮಾತ್ರ ಕಾಣುತ್ತದೆ, ಅದರ ಮೇಲೆ ಬರೆಯಲು ಶುರುಮಾಡಿದರೆ ಮಾಯವಾಗುತ್ತದೆ, ಪ್ರಕಟವಾದ ಪುಟದಲ್ಲಿ ಕಾಣಿಸುವುದಿಲ್ಲ. ಅನೇಕರು ಇದನ್ನು ಬಿಟ್ಟು ಮಾಮೂಲಿ ಅಕ್ಷರದಲ್ಲಿ, ಬಹಳವೆಂದರೆ ಇಟಾಲಿಕ್ ಮಾಡಿ, ‘ಇಲ್ಲಿ ಕಾರಣ ಬರೆಯಿರಿ’ ಎಂದು ಹಾಕುತ್ತಾರೆ. ಅದು ಅಳಿಯದೆ ಹಾಗೆಯೇ ಉಳಿದು ವರ್ಷಾನುಗಟ್ಟಲೆ ಪುಟಗಳಲ್ಲಿ ಕೂತಿರುತ್ತದೆ.

ಸೂಚನೆ ಬರೆಯುವುದರಲ್ಲೂ ಒಂದು ಹದವಿದೆ. ‘ಪರಿಣಾಮವನ್ನು ವಿವರಿಸಿ’ ಎಂದರೆ ಯಾರಿಗೂ ಕೈ ಓಡುವುದಿಲ್ಲ. ‘ಎಷ್ಟು ಗ್ರಾಹಕರಿಗೆ, ಎಷ್ಟು ನಿಮಿಷ, ಯಾವ ಕೆಲಸ ನಿಂತಿತು? ಉದಾ: 40 ನಿಮಿಷ ಯುಪಿಐ ಪಾವತಿ ವಿಫಲ, ಕಾರ್ಡ್ ಪಾವತಿ ನಡೆಯುತ್ತಿತ್ತು’ ಎಂದು ಬರೆದುನೋಡಿ. ಮಾದರಿ ಸಾಲು ಎದುರಿಗಿದ್ದರೆ ಬರುವ ಉತ್ತರವೂ ಅದೇ ಅಳತೆಯಲ್ಲಿರುತ್ತದೆ.

ಬದಲಾಗುವುದನ್ನು ಟೆಂಪ್ಲೇಟಿನಲ್ಲಿ ಇಡಬೇಡಿ

ಯಾರಿಗೆ ಫೋನ್ ಮಾಡಬೇಕು, ತೀವ್ರತೆಯ ಹಂತಗಳ ಅರ್ಥವೇನು, ಗ್ರಾಹಕರಿಗೆ ಕಳಿಸುವ ಇಮೇಲಿನ ಒಕ್ಕಣೆ ಯಾವುದು? ಇವೆಲ್ಲ ಆಗಾಗ ಬದಲಾಗುವ ಸಂಗತಿಗಳು. ಇವನ್ನು ಟೆಂಪ್ಲೇಟಿನಲ್ಲಿ ಬರೆದರೆ ಪ್ರತಿ ಪುಟದಲ್ಲೂ ಒಂದೊಂದು ಹಳೆಯ ಪ್ರತಿ ಉಳಿಯುತ್ತದೆ, ಕೆಲಸ ಬಿಟ್ಟುಹೋದವರ ನಂಬರೂ ಸೇರಿದಂತೆ. ಬದಲಿಗೆ ಅವನ್ನು ಒಂದು ಪ್ರತ್ಯೇಕ ಪುಟದಲ್ಲಿಟ್ಟು, ಟೆಂಪ್ಲೇಟಿನೊಳಗೆ ಇನ್‌ಕ್ಲೂಡ್ ಪೇಜ್ ಮ್ಯಾಕ್ರೊದಿಂದ ಕರೆಸಿಕೊಳ್ಳಿ. ಪುಟದ ಒಂದು ತುಣುಕು ಮಾತ್ರ ಸಾಕಾದರೆ ಅದನ್ನು ಎಕ್ಸರ್ಪ್ಟ್ ಎಂದು ಗುರುತಿಸಿ, ಎಕ್ಸರ್ಪ್ಟ್ ಇನ್‌ಕ್ಲೂಡ್ ಬಳಸಿ. ಮೂಲ ಪುಟ ತಿದ್ದಿದರೆ ಹಳೆಯ, ಹೊಸ ಪುಟಗಳೆಲ್ಲದರಲ್ಲೂ ಬದಲಾವಣೆ ಕಾಣುತ್ತದೆ.

ಇದಕ್ಕೆ ಎರಡು ಎಚ್ಚರಿಕೆ. ಮೂಲ ಪುಟಕ್ಕೆ ಓದುವ ನಿರ್ಬಂಧ ಹಾಕಿದ್ದರೆ, ವರದಿ ತೆರೆದವರಿಗೆ ಆ ಭಾಗ ಕಾಣುವುದಿಲ್ಲ. ಯಾರಾದರೂ ಮೂಲ ಪುಟವನ್ನು ಅಳಿಸಿದರೆ ಎಲ್ಲ ವರದಿಗಳಲ್ಲೂ ಆ ಜಾಗದಲ್ಲಿ ದೋಷ ಸಂದೇಶ ಬರುತ್ತದೆ. ಮೂಲ ಪುಟದ ನೆತ್ತಿಯ ಮೇಲೆಯೇ ‘ಇದನ್ನು ಟೆಂಪ್ಲೇಟು ಬಳಸುತ್ತಿದೆ, ಅಳಿಸಬೇಡಿ’ ಎಂದು ಬರೆಯಿರಿ. ಆದರೆ ಆ ಸಾಲು ಎಕ್ಸರ್ಪ್ಟಿನ ಹೊರಗಿರಲಿ, ಇಲ್ಲವಾದರೆ ಅದೂ ವರದಿಗಳಲ್ಲಿ ಕಾಣುತ್ತದೆ. ಹಾಗೆಯೇ, ಆ ಹೊತ್ತಿಗೆ ನಿಜವಾಗಿ ಏನಿತ್ತು ಎಂಬ ದಾಖಲೆ ಬೇಕಾದ ಕಡೆ ಇನ್‌ಕ್ಲೂಡ್ ಬೇಡ. ಆಡಿಟ್‌ಗೆ ತೋರಿಸಬೇಕಾದ ಒಪ್ಪಿಗೆಯ ಮಾತು ಪುಟದಲ್ಲೇ ಅಚ್ಚಾಗಿರಲಿ.

ಬಟನ್ ಮತ್ತು ಪುಟದ ಹೆಸರು

ಎಲ್ಲರಿಗೂ ಪರಿಚಿತವಾದ ಪುಟದಲ್ಲಿ ಕ್ರಿಯೇಟ್ ಫ್ರಮ್ ಟೆಂಪ್ಲೇಟ್ ಮ್ಯಾಕ್ರೊದಿಂದ ‘ಹೊಸ ಇನ್ಸಿಡೆಂಟ್ ವರದಿ’ ಎಂಬ ಬಟನ್ ಇಡಿ. ಕಾನ್‌ಫ್ಲುಯೆನ್ಸ್ ಒಂದು ಸ್ಪೇಸಿನಲ್ಲಿ ಒಂದೇ ಹೆಸರಿನ ಎರಡು ಪುಟ ಒಪ್ಪುವುದಿಲ್ಲ. ಆದ್ದರಿಂದ ಬಟನಿನ ಸೆಟ್ಟಿಂಗ್‌ನಲ್ಲಿ ಪುಟದ ಹೆಸರಿನೊಳಗೆ ದಿನಾಂಕ ತಾನೇ ಬರುವಂತೆ ಮಾಡಿ: @ ಚಿಹ್ನೆಗೆ ಅಂಟಿಕೊಂಡಂತೆ ಕರೆಂಟ್‌ಡೇಟ್ ಎಂಬ ಪದ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗವಿಲ್ಲದೆ, ಡಿ ಮಾತ್ರ ದೊಡ್ಡಕ್ಷರ. ಒಂದೇ ದಿನ ಎರಡು ಇನ್ಸಿಡೆಂಟ್ ಆದರೆ ಹೆಸರು ಮತ್ತೆ ಡಿಕ್ಕಿಯಾಗುತ್ತದೆ, ಹಾಗಾಗಿ ಸರ್ವಿಸಿನ ಹೆಸರು ಸೇರಿಸಬೇಕೆಂದು ಸೂಚನಾ ಬರಹದಲ್ಲಿ ತಿಳಿಸಿ.

ತಿದ್ದುವ ಮೊದಲು

ಮಾಮೂಲಿ ಪುಟಕ್ಕೆ ಇರುವಂತೆ ಟೆಂಪ್ಲೇಟಿಗೆ ಹಳೆಯ ಆವೃತ್ತಿಗಳ ಇತಿಹಾಸವಿಲ್ಲ. ಸೇವ್ ಒತ್ತಿದರೆ ಹಿಂದಿನದು ಹೋಯಿತು. ಅದಕ್ಕೇ ಅಡ್ಮಿನ್‌ಗಳಿಗೆ ಮತ್ತು ಪರೀಕ್ಷೆಗೆ ನೆರವಾಗುವ ಸಹೋದ್ಯೋಗಿಗೆ ಮಾತ್ರ ಕಾಣುವ ಇನ್ನೊಂದು ಸ್ಪೇಸ್ ಇಟ್ಟುಕೊಳ್ಳಿ. ಈಗಿರುವ ಟೆಂಪ್ಲೇಟನ್ನು ಪೂರ್ತಿ ಕಾಪಿ ಮಾಡಿ ಅಲ್ಲಿ ದಿನಾಂಕ ಸಮೇತ ಬೇರೆ ಟೆಂಪ್ಲೇಟಾಗಿ ಉಳಿಸಿ. ಹೊಸ ಬದಲಾವಣೆಯನ್ನೂ ಮೊದಲು ಅಲ್ಲೇ ಮಾಡಿ, ಪರೀಕ್ಷಿಸಿ, ಆಮೇಲೆ ಬಳಕೆಯಲ್ಲಿರುವ ಟೆಂಪ್ಲೇಟಿಗೆ ತನ್ನಿ. ಪೇಸ್ಟ್ ಮಾಡಿದ ಮೇಲೆ ವೇರಿಯಬಲ್‌ಗಳು ಸರಿಯಾಗಿ ಬಂದಿವೆಯೇ ಎಂದು ಒಂದೊಂದಾಗಿ ಕ್ಲಿಕ್ ಮಾಡಿ ನೋಡಿ. ಪರೀಕ್ಷೆಗೆ ಮೂರು ಪುಟ ತೆರೆದರೆ ಸಾಕು: ಎಲ್ಲ ತುಂಬಿಸಿದ್ದು, ಏನೂ ತುಂಬಿಸದ್ದು, ಅಡ್ಮಿನ್ ಅಲ್ಲದ ಸಹೋದ್ಯೋಗಿಯಿಂದ ತೆರೆಸಿದ್ದು. ಅನುಮತಿಯ ತೊಂದರೆಗಳು ಸಿಗುವುದು ಮೂರನೆಯದರಲ್ಲೇ. ಅಡ್ಮಿನ್ ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಡೇಟಾ ಸೆಂಟರ್‌ನಲ್ಲಿ ಟೆಂಪ್ಲೇಟಿಗೆ ಚಿತ್ರವನ್ನು ನೇರವಾಗಿ ಲಗತ್ತಿಸಲು ಬರುವುದಿಲ್ಲ. ಅದೇ ಸ್ಪೇಸಿನ ಒಂದು ಪುಟಕ್ಕೆ ಲಗತ್ತಿಸಿ, ಅಲ್ಲಿಂದ ಸೇರಿಸಬೇಕು. ಆ ಪುಟವನ್ನೂ ಅಳಿಸದಂತೆ ನೋಡಿಕೊಳ್ಳಿ.

ಬದಲಾವಣೆ ಉಳಿಸುವಾಗ ಮೇಲಿನ ಕೋಷ್ಟಕದ ‘ಟೆಂಪ್ಲೇಟ್ ಆವೃತ್ತಿ’ ಸಾಲನ್ನೂ ಬದಲಿಸಿ. ವರ್ಷ ಮತ್ತು ತಿಂಗಳು ಬರೆದರೆ ಸಾಕು. ಆಗ ರಿಪೋರ್ಟ್ ನೋಡಿದ ಕೂಡಲೇ ಯಾವ ಪುಟ ಯಾವ ಅಚ್ಚಿನದ್ದು ಎಂದು ತಿಳಿಯುತ್ತದೆ. ಎಡ ಕಾಲಮಿನ ಹೆಸರು ಬದಲಾದಾಗ ಬಿಟ್ಟರೆ ಹಳೆಯವನ್ನೆಲ್ಲ ತಿದ್ದುವ ಗೀಳು ಬೇಡ. ಮುಗಿದುಹೋದ ಇನ್ಸಿಡೆಂಟ್‌ಗಳನ್ನು ಬಿಟ್ಟುಬಿಡಿ, ಸ್ಥಿತಿ ಇನ್ನೂ ತೆರೆದಿರುವವನ್ನು ಮಾತ್ರ ಹೊಸ ರೂಪಕ್ಕೆ ತನ್ನಿ.

ಮೂರು ತಿಂಗಳಿಗೊಮ್ಮೆ

ಟೆಂಪ್ಲೇಟಿಗೆ ಒಬ್ಬರು ಹೊಣೆ, ಅವರಿಲ್ಲದಾಗ ಇನ್ನೊಬ್ಬರು. ಮೂರು ತಿಂಗಳಿಗೊಮ್ಮೆ ಇಬ್ಬರೂ ಕೊನೆಯ 10 ವರದಿಗಳನ್ನು ತೆರೆದು ಪ್ರತಿ ತಲೆಬರಹದ ಕೆಳಗೆ ಏನಿದೆ ನೋಡಲಿ. ಏಳೆಂಟರಲ್ಲಿ ಖಾಲಿ ಇದ್ದರೆ ಅಥವಾ ‘ಅನ್ವಯಿಸದು’ ಎಂದಿದ್ದರೆ ಆ ತಲೆಬರಹ ತೆಗೆಯಿರಿ. ಜನ ತಾವಾಗಿಯೇ ಸೇರಿಸಿಕೊಂಡ ತಲೆಬರಹ ಮೂರು ನಾಲ್ಕು ಕಡೆ ಕಂಡರೆ ಅದನ್ನು ಟೆಂಪ್ಲೇಟಿಗೆ ತನ್ನಿ. ಸೇರಿಸುವುದು ಎಲ್ಲರಿಗೂ ಸುಲಭ. ತೆಗೆಯುವುದಕ್ಕೆ ಧೈರ್ಯ ಬೇಕು, ಟೆಂಪ್ಲೇಟು ಉಳಿಯುವುದು ಆ ಧೈರ್ಯದಿಂದಲೇ.

ಟೆಂಪ್ಲೇಟು ತೀರಾ ಕೆಟ್ಟಿದೆ ಎಂದು ಅಳಿಸಿ ಅದೇ ಹೆಸರಿನಲ್ಲಿ ಹೊಸದು ಮಾಡಲು ಹೋಗಬೇಡಿ. ಬಟನ್ ಹಿಡಿದುಕೊಂಡಿರುವುದು ಟೆಂಪ್ಲೇಟಿನ ಒಳಗುರುತಿನ ಸಂಖ್ಯೆಯನ್ನು, ಹೆಸರನ್ನಲ್ಲ. ಅಳಿಸಿದರೆ ಬಟನ್ ಕೆಲಸ ನಿಲ್ಲಿಸುತ್ತದೆ. ಒಳಗಿರುವುದನ್ನೆಲ್ಲ ಖಾಲಿ ಮಾಡಿ ಅದೇ ಟೆಂಪ್ಲೇಟಿನಲ್ಲಿ ಹೊಸದಾಗಿ ಬರೆಯಿರಿ. ಅಳಿಸಲೇಬೇಕಾದರೆ ಆ ಬಟನ್ ಎಲ್ಲೆಲ್ಲಿ ಇಟ್ಟಿದ್ದೀರಿ ಎಂದು ಮೊದಲು ಹುಡುಕಿ, ಅಲ್ಲಿ ಹೊಸ ಟೆಂಪ್ಲೇಟನ್ನು ಆರಿಸಿ ಉಳಿಸಿದ ಮೇಲೆ ಹಳೆಯದಕ್ಕೆ ಕೈ ಹಾಕಿ.