ಕೆಂಬೂತ ಪತ್ತೇದಾರನಾದ ಕಥೆ

ಮೊದಲ ಸಲ ಬರೆದಾಗ ನನ್ನ ಪತ್ತೇದಾರ ಒಂದು ನಾಯಿ. ತಲೆಗೆ ಟೊಪ್ಪಿ, ಕೈಯಲ್ಲಿ ಭೂತಗನ್ನಡಿ. ಅಣ್ಣನ ಮಕ್ಕಳಿಬ್ಬರನ್ನು ಜಗಲಿಯಲ್ಲಿ ಕೂರಿಸಿಕೊಂಡು ಓದಿದೆ. ಹುಡುಗನಿಗೆ ಹತ್ತು, ಹುಡುಗಿಗೆ ಎಂಟು. ಎರಡನೇ ಪುಟ ಮುಗಿಯುವ ಮೊದಲೇ ಹುಡುಗಿ "ನರಿಯೇ ಕಳ್ಳ" ಅಂದಳು. ಹೌದು, ನರಿಯೇ. ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಕಥೇಲಿ ಯಾವಾಗ್ಲೂ ನರಿಯೇ ಅಲ್ವಾ?"

ತಪ್ಪು ಅವಳದಲ್ಲ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದು 1031ರಲ್ಲಿ. ಅಂದಿನಿಂದಲೂ ನಮ್ಮ ಕಥೆಗಳಲ್ಲಿ ನರಿ ಬಂತೆಂದರೆ ಏನೋ ಮಸಲತ್ತು ಇದೆ ಅಂತಲೇ ಲೆಕ್ಕ. ನೀತಿಕಥೆಗೆ ಅದು ಅನುಕೂಲ. ಪತ್ತೇದಾರಿ ಕಥೆಗೆ ಅದೇ ಮುಳುವು. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ನನ್ನ ನಾಯಿ ಇಡೀ ಕಥೆಯಲ್ಲಿ ಒಂದು ಸಲವೂ ಮೂಸಿ ನೋಡಿರಲಿಲ್ಲ! ಟೊಪ್ಪಿ ತೆಗೆದರೆ ಅದು ಸುಮ್ನೆ ಒಬ್ಬ ಮನುಷ್ಯ.

ಆ ಕಥೆ ಹರಿದು ಹಾಕಿದೆ. ಹೊಸ ಪತ್ತೇದಾರ ಸಿಕ್ಕಿದ್ದು ಸಾಗರದ ಹತ್ತಿರದ ನಮ್ಮ ತೋಟದಲ್ಲಿ. ಬೇಲಿಯ ಬುಡದಲ್ಲಿ ಕೆಂಬೂತವೊಂದು ಎಲೆ ಸರಿಸಿ ಇಣುಕುತ್ತಿತ್ತು. ಕರಿ ಮೈ, ಕಂದು ರೆಕ್ಕೆ, ಕೆಂಪು ಕಣ್ಣು. ಹಾರೋದು ಕಡಿಮೆ, ನಡೆಯೋದೇ ಜಾಸ್ತಿ. ಕೋಟು ಹಾಕಿಕೊಂಡು ಯಾರದೋ ಹಿತ್ತಲು ಶೋಧಿಸುವ ಗತ್ತು. ಟೊಪ್ಪಿಯ ಅಗತ್ಯವೇ ಇಲ್ಲ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಅಂತ ಊರೆಲ್ಲ ಆಡಿಕೊಳ್ಳುವ ಹಕ್ಕಿ ಬೇರೆ. ಆ ಗಾದೆ ಕೇಳಿದರೆ ಉರಿದು ಬೀಳುವ ಸ್ವಭಾವ ಕೊಟ್ಟೆ. ಕೆಂಬಣ್ಣ ಅಂತ ಹೆಸರಿಟ್ಟೆ.

ಈ ಸಲ ಕಥೆಯನ್ನು ಕೊನೆಯಿಂದ ಕಟ್ಟಿದೆ. ಮೊದಲು ಕಳ್ಳ ಯಾರು ಅಂತ ಗಟ್ಟಿ ಮಾಡಿಕೊಂಡೆ: ಬಾವಲಿ. ಅಡಿಕೆ ಹಣ್ಣಾದಾಗ ಬಾವಲಿಗಳು ರಾತ್ರಿ ಅದನ್ನು ಕಿತ್ತು ಬೇರೆ ಮರಕ್ಕೆ ಒಯ್ದು, ಸಿಪ್ಪೆಯ ಸಿಹಿ ರಸ ಹೀರಿ, ಒಳಗಿನ ಅಡಿಕೆಯನ್ನು ಕೆಳಗೆ ಬೀಳಿಸುತ್ತವೆ. ನಾವು ಚಿಕ್ಕವರಿದ್ದಾಗ ಅದನ್ನು ಹೆಕ್ಕಿ ತರೋದೇ ಒಂದು ಕೆಲಸ. ಕಥೆಯಲ್ಲಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುವ ಮೊದಲೇ ಹಣ್ಣಡಿಕೆ ಮಾಯ. ದೂರದ ಮಾವಿನ ಮರದಡಿ ಸುಲಿದ ಅಡಿಕೆಯ ರಾಶಿ. ಯಾರು ಸುಲಿದರು?

ಆರೋಪಿಗಳಾಗಿ ಮಂಗ, ಕಬ್ಬೆಕ್ಕು, ಕೆಂದಳಿಲು. ಒಬ್ಬೊಬ್ಬರನ್ನೂ ಅವರವರ ಅಭ್ಯಾಸವೇ ಬಿಡಿಸಬೇಕು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಮಂಗಕ್ಕೆ ಎಳೆ ಅಡಿಕೆ ಮೇಲೆ ಆಸೆ, ಇಲ್ಲಿ ಹೋಗಿದ್ದು ಹಣ್ಣು. ಕೆಂದಳಿಲು ರಾತ್ರಿ ಮಲಗುತ್ತದೆ. ಕಬ್ಬೆಕ್ಕು ಹಣ್ಣು ನುಂಗಿದರೆ ಬೀಜ ಹಿಕ್ಕೆಯಲ್ಲಿ ಬರುತ್ತದೆ. ಕಾಫಿ ತೋಟದವರಿಗೆ ಇದು ಚೆನ್ನಾಗಿ ಗೊತ್ತು. ರಾಶಿಯಲ್ಲಿ ಹಿಕ್ಕೆಯ ಸುಳಿವೇ ಇಲ್ಲ. ಕೆಂಬಣ್ಣನೂ ರಾತ್ರಿ ನಿದ್ದೆ ಮಾಡುವವನೇ, ಹಾಗಾಗಿ ಕಣ್ಣಾರೆ ನೋಡಿ ಹಿಡಿಯೋದು ಸಾಧ್ಯವಿಲ್ಲ. ಯೋಚಿಸಲೇಬೇಕು. ಇದು ನಾನು ಬೇಕೆಂದು ಮಾಡಿದ್ದಲ್ಲ, ಹಕ್ಕಿ ತಂದುಕೊಟ್ಟ ಲಾಭ.

ಮುಖ್ಯ ಸುಳಿವನ್ನು ಬಚ್ಚಿಡೋದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. "ರಾಶಿಯ ಸುತ್ತ ಯಾರ ಹೆಜ್ಜೆಯೂ ಇರಲಿಲ್ಲ" ಅಂತ ಬರೆದರೆ ಮಕ್ಕಳು ಅಲ್ಲೇ ಹಿಡಿಯುತ್ತಾರೆ. ಕೊನೆಗೆ ಬರೆದಿದ್ದು ಹೀಗೆ: "ಇಬ್ಬನಿಗೆ ನೆನೆದ ಮಣ್ಣಲ್ಲಿ ಕೆಂಬಣ್ಣ ಹಿಂದೆ ತಿರುಗಿ ನೋಡಿದ. ತನ್ನ ಹೆಜ್ಜೆ ಮಾತ್ರ, ಎರಡು ಬೆರಳು ಮುಂದೆ, ಎರಡು ಹಿಂದೆ. 'ಗುಣಾಕಾರದ ಚಿಹ್ನೆ ಥರ ಇದೆ!' ಅಂತ ಪಿಕಳಾರ ನಕ್ಕಿತು." ನಗು ಬಂದ ಕಡೆ ಸುಳಿವು ಚೆನ್ನಾಗಿ ಅಡಗುತ್ತದೆ. ಓದುವಾಗ ಇಬ್ಬರೂ ನಕ್ಕರು, "ಮಾತ್ರ" ಅನ್ನೋ ಪದ ದಾಟಿ ಹೋಯಿತು. ಮೂರು ಪುಟ ಆದಮೇಲೆ ಹುಡುಗ ತಟ್ಟನೆ ಎದ್ದು ಕೂತ: "ತಡಿ ತಡಿ, ಬೇರೆ ಯಾರೂ ನಡೆದೇ ಇಲ್ಲ. ಮೇಲಿಂದ ಬಿದ್ದಿದೆ!"

ಅದೇ ಹುಮ್ಮಸ್ಸಿನಲ್ಲಿ ಎರಡನೇ ಕಥೆ ಬರೆದು ಸಿಕ್ಕಿಬಿದ್ದೆ. ಪಿಕಳಾರದ ಗೂಡಿನಿಂದ ಮೊಟ್ಟೆ ಕಾಣೆ. ಕೇರೆ ಹಾವು ತಿಂದಿದ್ದು ಅಂತ ನನ್ನ ಲೆಕ್ಕ. ಗೂಡಿದ್ದ ಪೊದೆಯ ಕೆಳಗೆ ಕೆಂಬಣ್ಣ ಓಡಾಡಿದ ಅಂತ ಸುಮ್ನೆ ಒಂದು ಸಾಲು ಬಂದಿತ್ತು. ಹುಡುಗಿ ನನ್ನನ್ನೇ ದಿಟ್ಟಿಸಿದಳು.

"ಅತ್ತೆ, ಕೆಂಬೂತವೇ ಮೊಟ್ಟೆ ತಿನ್ನತ್ತಲ್ಲ? ಅಜ್ಜ ತೋರಿಸಿದಾರೆ."

ನಿಜ. ಕೆಂಬೂತ ಬಸವನಹುಳು, ಓತಿಕ್ಯಾತ ತಿನ್ನುವ ಹಾಗೆ ಬೇರೆ ಹಕ್ಕಿಗಳ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತದೆ. ಎಲ್ಲರ ಅಭ್ಯಾಸ ಪರೀಕ್ಷೆ ಮಾಡಿದ ನಾನು ನಾಯಕನದ್ದನ್ನೇ ಬಿಟ್ಟಿದ್ದೆ. ಅವನನ್ನು ಸಸ್ಯಾಹಾರಿ ಮಾಡಿಬಿಡಲೇ ಅಂತ ಒಂದು ಕ್ಷಣ ಅನ್ನಿಸಿತು. ಹಾಗೆ ಮಾಡಿದರೆ ಮತ್ತೆ ಆ ಟೊಪ್ಪಿ ನಾಯಿಯೇ.

ಈಗ ಆ ಕಥೆಯನ್ನು ತಿರುಗಿಸಿ ಬರೆಯುತ್ತಿದ್ದೇನೆ. ಪಿಕಳಾರ ಕೆಂಬಣ್ಣನ ಹತ್ತಿರ ದೂರು ಕೊಡುತ್ತದೆ. ಅವನು ಗಂಭೀರವಾಗಿ ಮಂಗನನ್ನು ವಿಚಾರಿಸುತ್ತಾನೆ, ಹಾವಿನ ಬಿಲಕ್ಕೆ ಹೋಗುತ್ತಾನೆ, ಪೊದೆಯ ಬುಡಕ್ಕೆ ಮಾತ್ರ ಯಾರನ್ನೂ ಬಿಡುವುದಿಲ್ಲ. ಅಲ್ಲಿ ಒದ್ದೆ ಮಣ್ಣಿನ ಮೇಲೆ ಎರಡು ಗುಣಾಕಾರದ ಚಿಹ್ನೆ ಇವೆ. ಮೊದಲ ಕಥೆ ಓದಿದ ಮಗುವಿಗೆ ಪತ್ತೇದಾರನಿಗಿಂತ ಮೊದಲೇ ಗೊತ್ತಾಗಬೇಕು. ಆಮೇಲೆ ಪಿಕಳಾರ ಏನು ಮಾಡುತ್ತದೆ ಅನ್ನೋದು ಇನ್ನೂ ಬರೆದಿಲ್ಲ. ಹುಡುಗಿ ಮಾತ್ರ ದಿನಾ ಫೋನಿನಲ್ಲಿ ಕೇಳುತ್ತಾಳೆ, "ಒಪ್ಪಿಕೊಂಡನಾ?"